ಅತ್ತೆಮ್ಮನ ಮುಖಪುಡಿ

"ಅತ್ತೆಮ್ಮಾ, ಸ್ವಲ್ಪ ಬೆಳಕಿನ ಕಡೆ ತಿರುಗ್ರಿ."

ಅರ್ಚಿತಾ ಎರಡು ಬೆರಳಿನಿಂದ ಬಸವಣ್ಣೆಮ್ಮನ ಗಲ್ಲ ಹಿಡಿದು ಮುಖವನ್ನು ಹಿತ್ತಿಲ ಬಾಗಿಲಿನತ್ತ ತಿರುಗಿಸಿದಳು. ಬಸವಣ್ಣೆಮ್ಮನ ಮಡಿಲಲ್ಲಿ ಆರಿಸುತ್ತಿದ್ದ ಬೇಳೆಯ ಮೊರ ಹಾಗೇ ಇತ್ತು.

"ಯಾಕೆ, ಏನಾಗೈತೆ?"

"ಏನೂ ಆಗಿಲ್ಲ. ನಿಮ್ಮ ಬಂಗು ನೋಡ್ತಿದ್ದೆ."

ಬಸವಣ್ಣೆಮ್ಮ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಳು. "ಅದನ್ನೇನು ನೋಡದು, ಬಿಡು."

"ಬಿಡಲ್ಲ. ನಮಗೆ ಬೇಕಾಗಿರೋದೇ ಅದು."

ಬಸವಣ್ಣೆಮ್ಮನಿಗೆ ಐವತ್ತಮೂರು. ಮದುವೆಯಾಗಿ ಕುಬಟೂರಿಗೆ ಹೋಗಿ, ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದೆ ಶಿಕಾರಿಪುರದ ಅಣ್ಣನ ಮನೆಗೆ ವಾಪಸು ಬಂದವಳು. ಬಂದು ಇಪ್ಪತ್ತಾರು ವರ್ಷವಾಗಿತ್ತು. ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಕಂದು ಬಂಗು ಹರಡಿಕೊಂಡಿತ್ತು. ಅಣ್ಣ ಮಲ್ಲೇಶಪ್ಪನದು ಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಸೀಗೆಕಾಯಿ, ಅಂಟುವಾಳ, ಕಚೋರ, ಲಾವಂಚ, ಪೂಜೆಯ ಸಾಮಾನು, ಮನೆಮದ್ದಿನ ಬೇರು ತೊಗಟೆ ಎಲ್ಲ ಅಲ್ಲಿ ಸಿಗುತ್ತಿತ್ತು. ಈಚೆಗೆ ಕೇಳುವವರು ಕಡಿಮೆಯಾಗಿದ್ದರು. ಅವನ ಹೆಂಡತಿ ವರದಮ್ಮ ಅಡುಗೆಮನೆಯ ಯಜಮಾನಿ. ಮಗ ಹೇಮಂತ್ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ. ಹೇಮಂತನ ಹೆಂಡತಿ ಅರ್ಚಿತಾ ಸೊರಬದ ಹುಡುಗಿ, ಬಿ.ಕಾಂ. ಓದಿದವಳು, ಮದುವೆಗೆ ಮುಂಚೆ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಈ ಮನೆಗೆ ಬಂದು ಎರಡು ವರ್ಷ. ಅತ್ತೆಯನ್ನು ಅತ್ತೆ ಎಂದೂ ಮಾವನ ತಂಗಿಯನ್ನು ಅತ್ತೆಮ್ಮ ಎಂದೂ ಕರೆಯುತ್ತಿದ್ದಳು.

ಶ್ರಾವಣ ಮಾಸ ಹುಟ್ಟಿದಾಗಿನಿಂದ ಅರ್ಚಿತಾ ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ರೊಟ್ಟಿ ಬಡಿದು ಮುಗಿದ ಮೇಲೆ, ಫೋನಿನಲ್ಲಿ ಕ್ಲಾಸು ಕೇಳುತ್ತಿದ್ದಳು. ಸಣ್ಣ ವ್ಯಾಪಾರ ಶುರು ಮಾಡುವ ಹೆಂಗಸರಿಗೆ ಹೇಳಿಕೊಡುವ ಕ್ಲಾಸು. ಅಂದು ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದಳು.

"ಮಾವಾ, ಅತ್ತೆಮ್ಮ ಬಾಣಂತಿಯರಿಗೆ, ಮಕ್ಕಳಿಗೆ ಅಂತ ಮುಖಕ್ಕೆ ಹಚ್ಚೋ ಪುಡಿ ಮಾಡ್ತಾರಲ್ಲ, ಅದನ್ನ ಪ್ಯಾಕೆಟ್ ಮಾಡಿ ಮಾರೋಣ ಅಂತಿದೀನಿ. ಇನ್‌ಸ್ಟಾಗ್ರಾಮಲ್ಲಿ."

"ಪುಡಿ ಮಾರಕ್ಕೆ ಕ್ಲಾಸ್ ಯಾಕಮ್ಮ?"

"ಜನ ಪುಡಿ ಕೊಳ್ಳಲ್ಲಂತೆ. ಬದಲಾವಣೆ ಕೊಳ್ತಾರಂತೆ. ನಮ್ಮ ಕ್ಲಾಸಿನ ಮೇಡಂ ಹೇಳಿದ್ರು."

"ನಲ್ವತ್ತು ವರ್ಷದಿಂದ ನಾನು ಪುಡಿನೇ ಮಾರಿದೀನಿ. ಬದಲಾವಣೆ ಕೊಡ್ರಿ ಅಂತ ಒಬ್ರೂ ಬಂದಿಲ್ಲ."

"ಈಗ ಪುಡಿ ಕೊಡ್ರಿ ಅಂತಾನೂ ಯಾರೂ ಬರ್ತಿಲ್ಲವಲ್ಲ ಮಾವ."

ಹೇಮಂತ್ ನಕ್ಕುಬಿಟ್ಟ. ಮಲ್ಲೇಶಪ್ಪ ಅವನನ್ನು ಗುರಾಯಿಸಿ ರೊಟ್ಟಿ ಮುರಿದ. ಅರ್ಚಿತಾ ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು. ಹೆಸರು ಕೇಳಿದರೆ ಮನೆಯ ನೆನಪಾಗಬೇಕು. ಅದರ ಹಿಂದೆ ಒಂದು ಕಥೆ ಇರಬೇಕು. ಕಥೆಗೊಂದು ಮುಖ ಬೇಕು, ಅದು ಸಿನಿಮಾದವರ ಮುಖ ಆಗಬಾರದು, ಪಕ್ಕದ ಮನೆಯವರದಿದ್ದ ಹಾಗಿರಬೇಕು. ಮೊದಲು ಹೇಗಿತ್ತು, ಹಚ್ಚಿದ ಮೇಲೆ ಹೇಗಾಯಿತು, ಎರಡೂ ಫೋಟೊ ಪಕ್ಕಪಕ್ಕದಲ್ಲಿ ಕಾಣಬೇಕು.

"ಹೆಸರು 'ಅತ್ತೆಮ್ಮ' ಅಂತಲೇ ಇಡ್ತೀನಿ," ಎಂದಳು.

"ಈ ವಯಸ್ಸಾಗೆ ಅವಳು ಮುಖಕ್ಕೆ ಅರಿಶಿನ ಬಳ್ಕಂಡು ಕುಂತ್ರೆ ಜನ ಏನಂತಾರೆ?" ಎಂದಳು ವರದಮ್ಮ, ಸಾರಿನ ಸೌಟು ಹಿಡಿದೇ.

"ಏನೂ ಅನ್ನಲ್ಲ ಅತ್ತೆ. ಆರ್ಡರ್ ಮಾಡ್ತಾರೆ."

ಬಸವಣ್ಣೆಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಎಲ್ಲರ ಊಟವಾದ ಮೇಲೆ ತಟ್ಟೆ ತೆಗೆದಳು. ಮರುದಿನ ಬೆಳಿಗ್ಗೆ ಎದ್ದವಳು ಅಂಗಡಿಯಿಂದ ಕಸ್ತೂರಿ ಅರಿಶಿನ, ಕಚೋರ, ಒಣಗಿದ ಗುಲಾಬಿ ಎಸಳು ತರಿಸಿ ಅಂಗಳದಲ್ಲಿ ಒಣಗಹಾಕಿದಳು.

*

ಸೋಮವಾರ ಫೋಟೊ ತೆಗೆಯುವ ದಿನ ಎಂದಾಯಿತು. ಆರು ವಾರ ಪುಡಿ ಹಚ್ಚುವುದು, ವಾರಕ್ಕೊಂದು ಫೋಟೊ, ಹಬ್ಬದ ಹೊತ್ತಿಗೆ ಮಾರಾಟ ಶುರು.

ಬಸವಣ್ಣೆಮ್ಮ ಗಂಡ ಹೋದಾಗಿನಿಂದ ಆ ಪುಡಿಯನ್ನು ತಾನು ಹಚ್ಚಿಕೊಂಡಿರಲಿಲ್ಲ. ಈಗ ದಿನಾ ಬೆಳಿಗ್ಗೆ ಹಾಲಿನಲ್ಲಿ ಕಲಸಿ ಹಚ್ಚಿ, ಒಣಗುವವರೆಗೆ ಹಿತ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದಳು. ಮಾತಾಡಿದರೆ ಬಿರುಕು ಬಿಡುತ್ತಿತ್ತು, ಆದ್ದರಿಂದ ಅರ್ಚಿತಾ ಮಾತಾಡುತ್ತಿದ್ದಳು, ಅವಳು ಕೇಳುತ್ತಿದ್ದಳು. ಸೊರಬದ ತಂಗಿಯ ವಿಷಯ, ಶಾಲೆಯ ಮಕ್ಕಳು ಇಟ್ಟಿದ್ದ ಅಡ್ಡಹೆಸರು, ಹೇಮಂತ್ ಮದುವೆಯಾದ ಹೊಸದರಲ್ಲಿ ಕೊಡಿಸಿದ ಸೀರೆ ಬಣ್ಣ ಬಿಟ್ಟಿದ್ದು. ಮುಖ ತೊಳೆದ ಮೇಲೆ ಅರ್ಚಿತಾ ಟವೆಲ್ಲಿನಿಂದ ತಾನೇ ಒರೆಸಿ, ಕೂದಲು ಕಿವಿಯ ಹಿಂದೆ ಸರಿಸಿ, ಬಗ್ಗಿ ನೋಡುತ್ತಿದ್ದಳು. ಅವಳ ಉಸಿರು ಕೆನ್ನೆಗೆ ತಾಗುತ್ತಿತ್ತು.

"ಸ್ವಲ್ಪ ತಿಳಿಯಾಗಿದೆ ಅನ್ಸುತ್ತೆ ಅಲ್ವಾ?"

"ನಿಂಗೆ ಅನ್ಸಿದ್ರೆ ಆಗಿರುತ್ತೆ."

ಭಾನುವಾರ ಸಂಜೆಯೇ ಬಸವಣ್ಣೆಮ್ಮ ಮರುದಿನ ಉಡುವ ಸೀರೆ ತೆಗೆದಿಡುತ್ತಿದ್ದಳು. ಒಮ್ಮೆ ವರದಮ್ಮ, "ಏನ್ ಹೆಣ್ಣು ನೋಡಕ್ಕೆ ಬರ್ತಾರೇನೆ?" ಎಂದು ಛೇಡಿಸಿದಳು. ಬಸವಣ್ಣೆಮ್ಮ ಸೀರೆಯ ಸುಕ್ಕನ್ನು ಅಂಗೈಯಿಂದ ತಿಕ್ಕಿದಳು.

ಆರು ವಾರ ಕಳೆಯಿತು. ಚರ್ಮ ನುಣುಪಾಗಿತ್ತು. ಬಂಗು ಎಲ್ಲಿತ್ತೋ ಅಲ್ಲೇ ಇತ್ತು.

ಅರ್ಚಿತಾ ಆ ಸೋಮವಾರ ಹತ್ತಾರು ಫೋಟೊ ತೆಗೆದು, ಮುಖ ಸಣ್ಣಗೆ ಮಾಡಿಕೊಂಡು ಕೋಣೆಗೆ ಹೋದಳು. ಮಧ್ಯಾಹ್ನ ಬಂದು ಫೋನು ತೋರಿಸಿದಳು.

"ನೋಡ್ರಿ."

ಎರಡು ಫೋಟೊ ಇದ್ದವು. ಎಡಗಡೆಯದು ಬಸವಣ್ಣೆಮ್ಮನಿಗೆ ಗೊತ್ತಿದ್ದ ಮುಖ. ಬಲಗಡೆ ಇದ್ದವಳ ಕೆನ್ನೆ ಹಾಲಿನ ಕೆನೆಯಂತೆ ಒಂದೇ ಬಣ್ಣ.

"ಇದ್ಯಾರೆ?"

"ನೀವೇ ಅತ್ತೆಮ್ಮಾ."

ಬಸವಣ್ಣೆಮ್ಮ ಕನ್ನಡಕ ತರಿಸಿಕೊಂಡು ನೋಡಿದಳು. ಕುಬಟೂರಿಗೆ ಹೋದ ಹೊಸದರಲ್ಲಿ ಇದ್ದ ಮುಖ ಅದು, ಸ್ವಲ್ಪ ವಯಸ್ಸಾದದ್ದು. ಬೆರಳಿನಿಂದ ಮುಟ್ಟಿದಳು. ಫೋಟೊ ದೊಡ್ಡದಾಗಿ ಕೆನ್ನೆಯೊಂದೇ ಪರದೆ ತುಂಬಿತು.

"ಇದು ಸುಳ್ಳಲ್ಲೇನೆ ಅರ್ಚಿತಾ?"

"ಇನ್ನೆರಡು ತಿಂಗಳು ಹಚ್ಚಿದ್ರೆ ಹೀಗೇ ಆಗತ್ತೆ. ನಾವು ಸ್ವಲ್ಪ ಮುಂಚೆ ತೋರಿಸ್ತಿದೀವಿ ಅಷ್ಟೆ. ಎಲ್ರೂ ಹೀಗೇ ಮಾಡ್ತಾರೆ." ಅವಳು ಬಸವಣ್ಣೆಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಬೇಡ ಅಂದ್ರೆ ಬಿಟ್ಬಿಡೋಣ. ನೀವೇ ಹೇಳ್ರಿ."

ಬೇಡ ಎಂದರೆ ಸೋಮವಾರಗಳೂ ನಿಲ್ಲುತ್ತವೆ ಎಂದು ಬಸವಣ್ಣೆಮ್ಮನಿಗೆ ಅನ್ನಿಸಿತು. "ಆಯ್ತು ಬಿಡು," ಎಂದಳು.

*

ಹಬ್ಬಕ್ಕೆ ಎಂಟು ದಿನವಿದ್ದಾಗ 'ಅತ್ತೆಮ್ಮ ಮುಖಪುಡಿ' ಫೋನುಗಳಲ್ಲಿ ಓಡಾಡತೊಡಗಿತು. ಮೊದಲು ಸೊರಬದಿಂದ ಅರ್ಚಿತಾಳ ಗೆಳತಿಯರು ತರಿಸಿಕೊಂಡರು. ಆಮೇಲೆ ಆನವಟ್ಟಿ, ಶಿರಾಳಕೊಪ್ಪ, ಶಿವಮೊಗ್ಗ, ದಾವಣಗೆರೆ. ಮನೆಯ ಪಡಸಾಲೆಯಲ್ಲಿ ಪ್ಯಾಕೆಟ್ಟುಗಳ ರಾಶಿ ಬಿತ್ತು. ಹೇಮಂತ್ ವಿಳಾಸ ಬರೆದ, ವರದಮ್ಮ ಪ್ಯಾಕೆಟ್ಟಿನ ಬಾಯಿಗೆ ಮೇಣದ ಬತ್ತಿ ಹಿಡಿದು ಅಂಟಿಸಿದಳು. ಬೆಳಗಿನಿಂದ ಸಂಜೆಯವರೆಗೆ ಪುಡಿ ಕುಟ್ಟಿ ಜರಡಿ ಹಿಡಿಯುವ ಕೆಲಸ ಬಸವಣ್ಣೆಮ್ಮನದು. ಮಲ್ಲೇಶಪ್ಪ ಕೂಡ ಅಂಗಡಿಗೆ ಬಂದವರಿಗೆ, "ನಮ್ಮ ತಂಗಿನೇ ಮಾಡದು," ಎಂದು ಹೇಳಿ ಎರಡು ಪ್ಯಾಕೆಟ್ಟು ಕೊಡುತ್ತಿದ್ದ.

ಒಂದು ದಿನ ಬಸವಣ್ಣೆಮ್ಮ ಕಡಲೆಬೇಳೆ ಹಿಟ್ಟು ಮಾಡಿಸಲು ಗಿರಣಿಗೆ ಹೋದಳು. ಸಾಲಿನಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಅವಳನ್ನು ನೋಡಿ, ಫೋನು ತೆಗೆದು, ಮತ್ತೆ ಅವಳನ್ನು ನೋಡಿದರು.

"ಬಸವಣ್ಣೆಮ್ಮಾರಲ್ಲೇನ್ರಿ? ಫೋನಾಗೆ ಬಂಗು ಎಲ್ಲಾ ಹೋಗಿತ್ತಲ್ರೀ."

"ಬಿಸ್ಲಿಗೆ ಮತ್ತೆ ಬಂತೇನೋ," ಎಂದಳು ಇನ್ನೊಬ್ಬಳು.

"ಹೂಂ. ಬಿಸ್ಲಿಗೆ," ಎಂದಳು ಬಸವಣ್ಣೆಮ್ಮ.

ರಾತ್ರಿ ಊಟದಲ್ಲಿ ಅದನ್ನು ತಮಾಷೆಯ ಹಾಗೆ ಹೇಳಿದಳು. ಯಾರೂ ನಗಲಿಲ್ಲ. ಅರ್ಚಿತಾಳ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಅತ್ತೆಮ್ಮಾ, ಸ್ವಲ್ಪ ದಿನ ಹೊರಗೆ ಹೋಗ್ಬೇಡ್ರಿ. ಗಿರಣಿಗೆ ಇವರು ಹೋಗ್ತಾರೆ. ಅಂಗಡಿ ಕಡೆಗಂತೂ ಬರ್ಲೇಬೇಡ್ರಿ."

"ನನ್ನ ತಂಗಿ ಏನು ಕದ್ದಾಳೆ ಅಂತ ಮನ್ಯಾಗೆ ಬಚ್ಚಿಡ್ತೀರಿ?" ಎಂದು ಮಲ್ಲೇಶಪ್ಪ ತಟ್ಟೆ ಸರಿಸಿದ.

"ಬಚ್ಚಿಡದು ಯಾರು?" ವರದಮ್ಮ ಮಗನ ಕಡೆ ವಾಲಿದಳು. "ಮಗ ಸೊಸೆ ಹಗಲೂ ರಾತ್ರಿ ದುಡೀತಾವೆ. ನಾಲ್ಕು ದಿನ ಮನ್ಯಾಗಿದ್ರೆ ಅವಳ್ದೇನು ಸವೀತೈತೆ? ಹೆಂಗೂ ಎಲ್ಲಿಗೆ ಹೋಗ್ತಿದ್ಲು?"

ಮಲ್ಲೇಶಪ್ಪ ತಂಗಿಯನ್ನು ನೋಡಲಿಲ್ಲ. "ಮಜ್ಜಿಗೆ ಹಾಕು," ಎಂದ. ಮಜ್ಜಿಗೆ ಅನ್ನ ಉಂಡು ಎದ್ದ.

ನಾಲ್ಕು ದಿನ ಹೋಗಿ ಮೂರು ವಾರವಾಯಿತು. ಸೋಮವಾರದ ಫೋಟೊ ಈಗ ಬೇಕಿರಲಿಲ್ಲ. ಅರ್ಚಿತಾಗೆ ಬಿಡುವೂ ಇರಲಿಲ್ಲ. ಫೋನು ಕಿವಿಗಿಟ್ಟುಕೊಂಡೇ ಬಂದು, "ಎರಡು ಕೆ.ಜಿ. ಆಯ್ತಾ?" ಎಂದು ಕೇಳಿ, ಆಗಿದ್ದರೆ ಡಬ್ಬ ಎತ್ತಿಕೊಂಡು ಹೋಗುತ್ತಿದ್ದಳು.

ಸೊರಬದಲ್ಲಿ ಅರ್ಚಿತಾಳ ಚಿಕ್ಕಪ್ಪನ ಮಗಳ ಮದುವೆ ಬಂತು. ಎಲ್ಲರೂ ಹೊರಡುವುದೆಂದು ಮೊದಲೇ ಮಾತಾಗಿತ್ತು. ಬಸವಣ್ಣೆಮ್ಮ ನೀಲಿ ಸೀರೆಗೆ ಫಾಲ್ ಹಾಕಿಸಿಟ್ಟಿದ್ದಳು. ಹಿಂದಿನ ಸಂಜೆ ವರದಮ್ಮ ಹೇಳಿದಳು: "ಸೊರಬದಾಗೆ ಎಲ್ರೂ ಆ ಫೋಟೊ ನೋಡ್ಯಾರಂತೆ. ಹುಡುಗಿ ತವರ್ನಾಗೆ ಅವಳಿಗೆ ಮುಜುಗರ ಆಗದು ಬ್ಯಾಡ. ನೀ ಇದ್ಬಿಡು."

ಮದುವೆಯ ದಿನ ಬಸವಣ್ಣೆಮ್ಮ ಅರ್ಧ ಪಾವು ಅಕ್ಕಿ ಬೇಯಿಸಿ, ಹಿಂದಿನ ದಿನದ ಸಾರು ಬಿಸಿ ಮಾಡಿ ಉಂಡಳು. ಪುಡಿ ಕುಟ್ಟಿದಳು. ಅಂಗಳ ಗುಡಿಸಿದಳು, ಮತ್ತೊಮ್ಮೆ ಗುಡಿಸಿದಳು. ಬೆಳಗಿನಿಂದ ಕತ್ತಲಾಗುವವರೆಗೆ ಅವಳು ಆಡಿದ ಮಾತು ಒಂದೇ, ಬಾಗಿಲ ಸಂದಿಯಿಂದ ಹಾಲಿನವನಿಗೆ: "ಇವತ್ತು ಅರ್ಧ ಲೀಟರ್ ಸಾಕು." ಕತ್ತಲಾದ ಮೇಲೆ ಬಂದ ಹೇಮಂತ್ ಬಾಳೆಲೆಯಲ್ಲಿ ಕಟ್ಟಿದ ಲಾಡು, ಬದನೆಕಾಯಿ ಪಲ್ಯ ಅವಳ ಮುಂದಿಟ್ಟು, "ಎಲ್ರೂ ನಿಮ್ಮನ್ನೇ ಕೇಳಿದ್ರು ಅತ್ತೆ," ಎಂದ.

"ಏನಂದ್ರಿ?"

"ಜ್ವರ ಅಂದ್ವಿ."

*

ಅದಾದ ಎರಡನೇ ಗುರುವಾರ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಅರ್ಚಿತಾ, ಹೇಮಂತ್ ಶಿವಮೊಗ್ಗಕ್ಕೆ ಡಬ್ಬ ತರಲು ಹೋಗಿದ್ದರು. ವರದಮ್ಮ ಬಾಗಿಲು ತೆಗೆದಳು. ಹಿಂದಿನ ಕೋಣೆಯಲ್ಲಿ ಜರಡಿ ಹಿಡಿಯುತ್ತಿದ್ದ ಬಸವಣ್ಣೆಮ್ಮನಿಗೆ ಮಾತು ಕೇಳಿಸುತ್ತಿತ್ತು.

"ಅಮ್ಮಾ, ನಾನು ಶಬೀನಾ ಅಂತ. ಆನವಟ್ಟಿಯಿಂದ ಬಂದೆ. ಶಿರಾಳಕೊಪ್ಪದಾಗೆ ಬಸ್ ಸಿಗ್ಲಿಲ್ಲ, ತಡ ಆಯ್ತು. ಅತ್ತೆಮ್ಮ ಮುಖಪುಡಿ ಅಂತ... ಇದೇ ಮನೆ ಅಲ್ವಾ?"

"ಅಂಗಡಿಗೆ ಹೋಗ್ರಿ, ಅಲ್ಲಿ ಕೊಡ್ತಾರೆ."

"ಕೊಳ್ಳಕ್ಕಲ್ಲಮ್ಮ. ಮೂರು ಪ್ಯಾಕೆಟ್ ಮುಗಿಸಿದೀನಿ. ಹೆರಿಗೆ ಆದ್ಮೇಲೆ ಬಂಗು ಬಂತು, ಹೋಗ್ಲೇ ಇಲ್ಲ. ನಾನೇ ತಪ್ಪು ಹಚ್ತಿದೀನೇನೋ. ಅತ್ತೆಮ್ಮನ್ನ ಒಂದ್ಸಲ ಕಂಡು ಕೇಳ್ಕೊಂಡು ಹೋಗೋಣ ಅಂತ ಬಂದೆ. ಹಾಲಾ, ಮೊಸರಾ, ಎಷ್ಟು ಹೊತ್ತು ಬಿಡ್ಬೇಕು..."

"ಅವ್ರು ಇಲ್ಲ. ಚಂದ್ರಗುತ್ತಿಗೆ ಹೋಗ್ಯಾರೆ. ಬರೋದು ನಾಳಿದ್ದು."

"ಹಂಗಾದ್ರೆ ಕಟ್ಟೆ ಮೇಲೆ ಸ್ವಲ್ಪ ಕೂತು ಹೋಗ್ತೀನಮ್ಮ. ಬಿಸ್ಲು. ಮಗು ಸುಸ್ತಾಗಿದೆ."

ವರದಮ್ಮ ಬಾಗಿಲು ಮುಂದೆ ಮಾಡಿ ಒಳಗೆ ಬಂದಳು. ಹೊರಗೆ ಮಗು ಕೊಸರಾಡಿ ಅಳುವುದು, ತಾಯಿ ಸಮಾಧಾನ ಮಾಡುವುದು ಕೇಳಿಸಿತು. ಬಸವಣ್ಣೆಮ್ಮ ಜರಡಿ ಕೆಳಗಿಟ್ಟಳು. ಮೊಣಕೈವರೆಗೆ ಹತ್ತಿದ್ದ ಪುಡಿ ತೊಳೆದು, ಚೊಂಬಿನಲ್ಲಿ ನೀರು ತುಂಬಿಕೊಂಡಳು.

"ಎಲ್ಲಿಗೆ?"

"ನೀರು ಕೊಡಕ್ಕೆ."

"ಬಸವಣ್ಣೆಮ್ಮಾ! ಹುಡುಗರು ಬಂದ್ರೆ ನಾ ಏನ್ ಹೇಳ್ಲಿ?"

ಬಸವಣ್ಣೆಮ್ಮ ಬಾಗಿಲು ತೆಗೆದಳು. ತಿಂಗಳಿಗೂ ಹೆಚ್ಚು ದಿನದ ಮೇಲೆ ಬೀದಿಯ ಬೆಳಕು ಮುಖಕ್ಕೆ ಬಿದ್ದು ಕಣ್ಣು ಕುಕ್ಕಿತು. ಕಟ್ಟೆಯ ಮೇಲೆ ಇಪ್ಪತ್ತೈದರ ಹುಡುಗಿ, ತಲೆಯ ಮೇಲಿನ ದುಪಟ್ಟಾದ ಅಂಚಿನಿಂದ ಮಗುವಿಗೆ ಗಾಳಿ ಬೀಸುತ್ತಿದ್ದಳು. ಅವಳ ಕೆನ್ನೆಯ ಮೇಲೂ ಬಂಗು, ಇನ್ನೂ ತೆಳುವಾದದ್ದು. ಅವಳು ಚೊಂಬು ತೆಗೆದುಕೊಂಡು ಮುಖ ನೋಡಿದಳು.

"ನೀವು ಅತ್ತೆಮ್ಮನ ಅಕ್ಕನಾ?"

"ಅಲ್ಲಮ್ಮ. ನಾನೇ."

ಶಬೀನಾ ನೋಡುತ್ತಲೇ ಇದ್ದಳು. "ಬಿಸ್ಲಿಗೆ ಮತ್ತೆ ಬಂತಾ?"

"ಇಲ್ಲ. ಹೋಗೇ ಇರ್ಲಿಲ್ಲ."

"ಫೋಟೊ?"

"ಅದನ್ನ ಫೋನಾಗೆ ತಿದ್ದಿದ್ದು. ಮುಖ ನುಣ್ಣಗಾಗುತ್ತೆ ಅಷ್ಟೆ ಕಣಮ್ಮ. ಬಂಗು ಹೋಗಲ್ಲ. ನೀ ತಪ್ಪು ಹಚ್ಚಿಲ್ಲ."

ಹುಡುಗಿ ಬೈಯಲಿಲ್ಲ. ಮಗುವಿಗೆ ಎರಡು ಗುಟುಕು ನೀರು ಕುಡಿಸಿ, ಬಾಯಿ ಒರೆಸಿದಳು. "ಮನ್ಯಾಗೆ ನಮ್ಮತ್ತೆ ದಿನಾ ಕೇಳ್ತಾರೆ, ಏನೇ ಮುಖ ಹಿಂಗಾಯ್ತು ಅಂತ. ಶಿಕಾರಿಪುರದ ಅತ್ತೆಮ್ಮಂಗೆ ನಂಗಿಂತ ಜಾಸ್ತಿ ಇತ್ತು, ಅವರ್ದೇ ಹೋಗಿದೆ, ನಂದೂ ಹೋಗುತ್ತೆ ಅಂತಿದ್ದೆ." ತಾನು ಒಂದು ಹನಿಯೂ ಕುಡಿಯದೆ ಚೊಂಬು ವಾಪಸು ಕೊಟ್ಟಳು. "ಬಸ್ಸಿಗೆ ಹೊತ್ತಾಯ್ತು."

"ಊಟ ಮಾಡ್ಕಂಡು ಹೋಗು. ಮಗಿಗೆ ಅನ್ನ ಕಲಸಿ ಕೊಡ್ತೀನಿ."

"ಬೇಡಮ್ಮ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಬೀದಿಯ ತಿರುವು ದಾಟುವವರೆಗೆ ಬಸವಣ್ಣೆಮ್ಮ ಚೊಂಬು ಹಿಡಿದು ನಿಂತೇ ಇದ್ದಳು.

*

ಸಂಜೆ ಅರ್ಚಿತಾ ಡಬ್ಬಗಳನ್ನು ಕೆಳಗಿಡುವ ಮೊದಲೇ ವರದಮ್ಮ ಎಲ್ಲ ಹೇಳಿಬಿಟ್ಟಳು.

"ಅವಳು ನಾಳೆ ಎಲ್ಲಾ ಬರೆದು ಹಾಕಿದ್ರೆ?" ಅರ್ಚಿತಾ ಡಬ್ಬಗಳನ್ನು ನೆಲಕ್ಕೆ ಕುಕ್ಕಿದಳು. "ಒಂದು ಚೊಂಬು ನೀರಿಗೋಸ್ಕರ ಎಲ್ಲಾ ಹಾಳು ಮಾಡಿದ್ರಿ ಅತ್ತೆಮ್ಮಾ."

"ಆ ಫೋಟೊ ತೆಗಿ," ಎಂದಳು ಬಸವಣ್ಣೆಮ್ಮ.

"ತೆಗೆದು? ಏನಂತ ಮಾರ್ಲಿ?"

"ಪುಡಿ ಅಂತ ಮಾರು."

"ಪುಡಿ ಯಾರು ತಗೋತಾರೆ? ಪುಡಿ ಮಾವನ ಅಂಗಡೀಲಿ ಹತ್ತು ವರ್ಷದಿಂದ ಧೂಳು ತಿಂತಿತ್ತಲ್ಲ!" ಅವಳು ಗೋಡೆಗೊರಗಿ ಕೂತು ಅತ್ತಳು. "ಶಾಲೆ ಬಿಡ್ಸಿದ್ರಿ. ಬಿಟ್ಟೆ. ಎರಡು ವರ್ಷ ಈ ಮನೇಲಿ ರೊಟ್ಟಿ ಬಡಿದೆ. ನಂದು ಅಂತ ನಾನು ಕಟ್ಟಿದ್ದು ಇದೊಂದೇ."

"ನಂಗೂ ಇರದು ಈ ಮುಖ ಒಂದೇ ಕಣೆ."

"ಇಷ್ಟು ದಿನ ಆ ಮುಖ ಯಾರಿಗೆ ಬೇಕಾಗಿತ್ತು?" ಎಂದಳು ಅರ್ಚಿತಾ. ಅಂದ ಕೂಡಲೇ ತುಟಿ ಕಚ್ಚಿಕೊಂಡಳು. ಹೇಮಂತ್, "ಏ, ಸುಮ್ನಿರು," ಎಂದ. ಮಲ್ಲೇಶಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ.

ಬಸವಣ್ಣೆಮ್ಮ ಒಳಗೆ ಹೋಗಿ ಎಂದಿನಂತೆ ಅನ್ನಕ್ಕಿಟ್ಟಳು. ಮರುದಿನ ಬೆಳಿಗ್ಗೆ ಎಲ್ಲ ಕೆಲಸ ಮಾಡಿದಳು, ಒರಳಿನ ಹತ್ತಿರ ಮಾತ್ರ ಹೋಗಲಿಲ್ಲ. ಒಣಗಿದ ಅರಿಶಿನ, ಕಚೋರ ಅಂಗಳದ ಚಾಪೆಯ ಮೇಲೇ ಉಳಿಯಿತು. ಮಾರನೆಯ ದಿನವೂ ಹಾಗೆಯೇ. ವರದಮ್ಮ ತಾನೇ ಕುಟ್ಟಲು ಹೋಗಿ ಕೈ ಬೊಕ್ಕೆ ಬರಿಸಿಕೊಂಡಳು. ಹೇಮಂತ್ ಬಂದು, "ಅತ್ತೆ, ಮೂವತ್ತು ಆರ್ಡರ್ ನಿಂತಿದೆ," ಎಂದ. ಅವಳು ಸೊಪ್ಪು ಬಿಡಿಸುತ್ತ, "ಫೋಟೊ ತೆಗೀರಿ, ಕುಟ್ತೀನಿ," ಎಂದಳು.

ಮೂರನೇ ದಿನ ಅರ್ಚಿತಾ ಅಡುಗೆಮನೆಗೆ ಬಂದು ಫೋನನ್ನು ಅವಳ ಮುಂದೆ ಇಟ್ಟಳು. ಕಣ್ಣು ಊದಿತ್ತು.

"ನೋಡ್ಕೊಳ್ರಿ. ಎಲ್ಲಾ ತೆಗೆದಿದೀನಿ. ಬಂಗು ಹೋಗಲ್ಲ ಅಂತಲೂ ಬರೆದಿದೀನಿ. ಹೆಸರೂ ತೆಗೆದಿದೀನಿ."

ಪ್ಯಾಕೆಟ್ಟಿನ ಮೇಲೆ 'ಅತ್ತೆಮ್ಮ' ಎಂದು ಇದ್ದ ಕಡೆ 'ಅರ್ಚಿತಾ ಹರ್ಬಲ್ಸ್' ಎಂದಿತ್ತು.

"ಹೆಸರು ಯಾಕೆ ತೆಗ್ದೆ? ಹೆಸರು ತೆಗಿ ಅನ್ನಲಿಲ್ಲವಲ್ಲೇ ನಾನು."

"ಮುಖ ಇಲ್ಲದ ಮೇಲೆ ಆ ಹೆಸರು ಯಾಕೆ ಅತ್ತೆಮ್ಮಾ," ಎಂದು ಫೋನು ತೆಗೆದುಕೊಂಡು ಹೋದಳು.

ಶಬೀನಾ ಏನನ್ನೂ ಬರೆಯಲಿಲ್ಲ. ಆದರೂ ಆರ್ಡರುಗಳು ಇಳಿದವು. ದಿನಕ್ಕೆ ಮೂರು, ಕೆಲವು ದಿನ ಒಂದೂ ಇಲ್ಲ. ಅರ್ಚಿತಾ ಹಟ ಬಿಡಲಿಲ್ಲ. ಸಾಮಾನನ್ನು ಶಿವಮೊಗ್ಗಕ್ಕೆ ಕಳಿಸಿ ಮಷಿನ್ನಿನಲ್ಲಿ ಪುಡಿ ಮಾಡಿಸತೊಡಗಿದಳು. ಬಸವಣ್ಣೆಮ್ಮ ಕುಟ್ಟುವ ಕೆಲಸವೂ ನಿಂತಿತು. ಮನೆಯಲ್ಲಿ ಜಗಳವಿರಲಿಲ್ಲ. "ಸಾರು ಹಾಕ್ಲಾ," "ಸಾಕು," "ಬಟ್ಟೆ ಒಣಗಿದಾವೆ," ಇಷ್ಟೇ. ಬಸವಣ್ಣೆಮ್ಮ ಎದುರಿಗೆ ಬಂದರೆ ಅರ್ಚಿತಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಆ ಮರ್ಯಾದೆ ಬಸವಣ್ಣೆಮ್ಮನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಒಂದು ದಿನ ಅವಳು ತಾನೇ ಹಿಟ್ಟಿನ ಡಬ್ಬ ಹಿಡಿದು ಗಿರಣಿಗೆ ಹೊರಟಳು. ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡಳು: ಹೌದ್ರಿ, ಅದು ಸುಳ್ಳು ಫೋಟೊ, ನನ್ನದೂ ತಪ್ಪೈತೆ. ಗಿರಣಿಯಲ್ಲಿ ಅದೇ ಹೆಂಗಸರಿದ್ದರು. ಒಬ್ಬಳು ಮಗಳಿಗೆ ನೋಡಿದ ಗಂಡಿನ ವಿಷಯ ಹೇಳುತ್ತಿದ್ದಳು. ಇನ್ನೊಬ್ಬಳು ಬಸವಣ್ಣೆಮ್ಮನನ್ನು ಕಂಡು, "ಸ್ವಲ್ಪ ಜರುಗ್ರಿ, ಬಾಗಿಲಿಗೆ ಅಡ್ಡ ನಿಂತೀರಿ," ಎಂದಳು. ಹಿಟ್ಟಾಯಿತು. ಯಾರೂ ಏನೂ ಕೇಳಲಿಲ್ಲ.

ಅವಳಿಗೆ ನೇರ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಪೇಟೆಯ ಕಡೆ ತಿರುಗಿದಳು. ಅಂಗಡಿಯಲ್ಲಿ ಮಲ್ಲೇಶಪ್ಪ ಒಬ್ಬನೇ ಇದ್ದ, ಮಂಡಿನೋವಿಗೆ ಮೇಲಿನ ಡಬ್ಬ ಎಟುಕದೆ ಪರದಾಡುತ್ತಿದ್ದ. ಬಸವಣ್ಣೆಮ್ಮ ಸ್ಟೂಲು ಹತ್ತಿ ಇಳಿಸಿಕೊಟ್ಟಳು. "ಹೋಗ್ತೀಯಾ?" ಎಂದ. "ಆಮ್ಯಾಲೆ ಹೋಗ್ತೀನಿ," ಎಂದು ಅಲ್ಲೇ ಕೂತಳು. ಮರುದಿನ ರೊಟ್ಟಿ ಬಡಿದಾದ ಮೇಲೆ ಮತ್ತೆ ಹೋದಳು. ಮನೆಯಲ್ಲಿ ಬೇಡ ಎಂದವರಿಲ್ಲ, ಎಲ್ಲಿಗೆ ಎಂದು ಕೇಳಿದವರೂ ಇಲ್ಲ.

ನಾಲ್ಕನೆಯ ದಿನ ಒಬ್ಬ ಹುಡುಗಿ ಬಂದಳು. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೆಲಸ ಮಾಡುವವಳ ಹಾಗಿದ್ದಳು, ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು.

"ಬಂಗಿಗೆ ಹಚ್ಚಕ್ಕೆ ಏನಾದ್ರೂ ಇದೆಯಾ? ನಮ್ಮಮ್ಮಂಗೆ."

ಮಲ್ಲೇಶಪ್ಪ ಕಚೋರದ ಡಬ್ಬದ ಕಡೆ ಕೈ ಚಾಚಿದ. ಅಷ್ಟರಲ್ಲಿ ಬಸವಣ್ಣೆಮ್ಮ ಹೇಳಿದಳು: "ಬಂಗಿಗೆ ನಮ್ಮಲ್ಲಿ ಏನೂ ಇಲ್ಲಮ್ಮ. ಡಾಕ್ಟ್ರಿಗೆ ತೋರ್ಸ್ರಿ."

ಹುಡುಗಿ ಅವಳ ಮುಖ ನೋಡಿದಳು. ಕಣ್ಣು ತಪ್ಪಿಸಿ, "ಸರಿ ರೀ," ಎಂದು ಹೊರಟುಹೋದಳು.

"ಕಚೋರ ಆದ್ರೂ ಕೊಡಬೋದಿತ್ತಲ್ಲ," ಎಂದ ಮಲ್ಲೇಶಪ್ಪ.

"ಅದ್ರಿಂದ ಹೋಗಲ್ಲ ಅಣ್ಣ."

ಮಲ್ಲೇಶಪ್ಪ ಡಬ್ಬದ ಮುಚ್ಚಳ ಹಾಕಿದ. ಅದನ್ನು ಅದರ ಜಾಗಕ್ಕಿಟ್ಟು, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ತಂಗಿಯ ಕಡೆ ತಿರುಗಿದ.

"ಅದು ನೋಯ್ತದೇನೆ?"

ಬಸವಣ್ಣೆಮ್ಮ ಕೆನ್ನೆಯ ಬಂಗಿನ ಮೇಲೆ ಬೆರಳಾಡಿಸಿದಳು.

"ಇಲ್ಲಣ್ಣ," ಎಂದಳು. "ಇದು ನೋಯಲ್ಲ."

ಅವನು ತಲೆಯಾಡಿಸಿದ. ಆಗ ಇನ್ನೊಬ್ಬರು ಬಂದು ಅಂಟುವಾಳದಕಾಯಿ ಕಾಲು ಕೆ.ಜಿ. ಕೇಳಿದರು. ಬಸವಣ್ಣೆಮ್ಮ ಎದ್ದು ಚೀಲದ ಬಾಯಿ ಬಿಚ್ಚಿದಳು.